ಮಾರ್ಜಿನ್ ಶೇ 25 ಎಂದರೆ ಯಾವ ಮೊತ್ತದ ಶೇ 25?

ಪ್ರಶ್ನೆ: ಮದ್ದೂರು ತಾಲ್ಲೂಕಿನಲ್ಲಿ ಬೆಲ್ಲದ ಪುಡಿ ಮತ್ತು ಸಣ್ಣ ಅಚ್ಚುಗಳನ್ನು ಒಂದು ಕೆ.ಜಿ. ಪೊಟ್ಟಣಗಳಲ್ಲಿ ಮಾರುವ ಚಿಕ್ಕ ಘಟಕವೊಂದನ್ನು ನಡೆಸುತ್ತಿದ್ದೇನೆ. ಬಿ.ಕಾಂ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಬೆಂಗಳೂರಿನ ಅಂಗಡಿ ಸರಣಿಯೊಂದು ಮಾರ್ಜಿನ್, ಲ್ಯಾಂಡಿಂಗ್ ಕಾಸ್ಟ್, ಟರ್ನ್‌ಓವರ್, ಕ್ರೆಡಿಟ್ ಪೀರಿಯಡ್ ಎಷ್ಟೆಂದು ಇಂಗ್ಲಿಷ್‌ನಲ್ಲಿ ಕೇಳಿತ್ತು. ಎಂಆರ್‌ಪಿ 126 ರೂಪಾಯಿ, ನಿಮಗೆ ಶೇ 25 ಮಾರ್ಜಿನ್ ಎಂದು ಉತ್ತರಿಸಿದೆ. ತೆರಿಗೆ ಬಿಟ್ಟು ಕೆ.ಜಿ.ಗೆ 96 ರೂಪಾಯಿ ಕೈಗೆ ಬರುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು. ಅವರು 90 ರೂಪಾಯಿಗೆ ಆರ್ಡರ್ ಕಳುಹಿಸಿದ್ದಾರೆ. ಬ್ಯಾಂಕಿನವರು ಕೇಳುವ ಮಾರ್ಜಿನ್ ಇನ್ನೊಂದೇ ಬಗೆಯದು. ನನ್ನ ವೆಚ್ಚದ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಈ ಪದಗಳನ್ನು ನನ್ನ ವ್ಯಾಪಾರಕ್ಕೆ ಹೊಂದಿಸಿ ವಿವರಿಸಬಹುದೇ?

ಉತ್ತರ: ನಿಮ್ಮ ಲೆಕ್ಕವೂ ತಪ್ಪಲ್ಲ, ಅವರ ಲೆಕ್ಕವೂ ತಪ್ಪಲ್ಲ. ಇಬ್ಬರೂ ಶೇ 25 ಎಂದೇ ಹೇಳಿದ್ದೀರಿ, ಆದರೆ ಅದು ಯಾವ ಮೊತ್ತದ ಮೇಲಿನ ಶೇ 25 ಎಂಬುದನ್ನು ಯಾರೂ ಬರೆಯಲಿಲ್ಲ. ಇಂಗ್ಲಿಷ್ ವ್ಯಾಪಾರ ಪತ್ರಗಳಲ್ಲಿ ಕನ್ನಡಿಗರಿಗೆ ಹಣದ ನಷ್ಟವಾಗುವುದು ಹೆಚ್ಚಾಗಿ ವ್ಯಾಕರಣದ ದೋಷದಿಂದಲ್ಲ, ಇಂಥ ಕಡೆಗಳಲ್ಲಿ. ಆದ್ದರಿಂದ ಈ ಪದಗಳನ್ನು ಕಲಿಯುವಾಗ ನಿಘಂಟಿನ ಅರ್ಥಕ್ಕಿಂತ ಮೊದಲು ಅದರ ಹಿಂದಿನ ಭಾಗಾಕಾರದಲ್ಲಿ ಕೆಳಗೆ ಕೂರುವ ಸಂಖ್ಯೆ ಯಾವುದು ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. ಎಂಆರ್‌ಪಿ ಎನ್ನುವುದು ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಚಿಲ್ಲರೆ ಬೆಲೆ; 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಅದನ್ನು ಹಾಗೆಯೇ ಮುದ್ರಿಸಬೇಕೆಂದು ಹೇಳುತ್ತವೆ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇರುವುದರಿಂದ, ನಿಮ್ಮ 126 ರೂಪಾಯಿಯಲ್ಲಿ 6 ರೂಪಾಯಿ ತೆರಿಗೆ, 120 ರೂಪಾಯಿ ಸರಕಿನ ಬೆಲೆ. ಅಂಗಡಿಯವರು 120ರ ಶೇ 25, ಅಂದರೆ 30 ರೂಪಾಯಿಯನ್ನು ತಮ್ಮದೆಂದು ಕಳೆದು ನಿಮಗೆ 90 ಕೊಟ್ಟಿದ್ದಾರೆ. ನೀವು ಅವರ ಖರೀದಿ ಬೆಲೆಯ ಮೇಲೆ ಶೇ 25 ಸೇರಿದರೆ 120 ಆಗುವಂತೆ ಲೆಕ್ಕ ಹಾಕಿದ್ದೀರಿ. 96ಕ್ಕೆ ಅದರ ಕಾಲು ಭಾಗವಾದ 24 ಸೇರಿದರೆ 120. ಇಂಗ್ಲಿಷ್‌ನ ಪಠ್ಯಗಳಲ್ಲಿ ಅವರು ಮಾಡಿದ್ದಕ್ಕೆ ಮಾರ್ಜಿನ್ ಎಂದೂ ನೀವು ಮಾಡಿದ್ದಕ್ಕೆ ಮಾರ್ಕಪ್ ಎಂದೂ ಹೆಸರು. ಮಾರ್ಜಿನ್‌ನಲ್ಲಿ ಲಾಭವನ್ನು ಮಾರಾಟ ಬೆಲೆಯಿಂದ ಭಾಗಿಸುತ್ತೇವೆ, ಮಾರ್ಕಪ್‌ನಲ್ಲಿ ಅಸಲಿನಿಂದ ಭಾಗಿಸುತ್ತೇವೆ. ಅದೇ 24 ರೂಪಾಯಿ ಅಸಲಿನ ಮೇಲೆ ಶೇ 25, ಮಾರಾಟ ಬೆಲೆಯ ಮೇಲೆ ಶೇ 20.

ಪಠ್ಯಪುಸ್ತಕದ ಈ ವ್ಯತ್ಯಾಸವನ್ನು ವ್ಯಾಪಾರಿಗಳು ಮಾತಿನಲ್ಲಿ ಪಾಲಿಸುವುದಿಲ್ಲ. ಮೈಸೂರಿನ ಸಂತೇಪೇಟೆಯ ಸಗಟು ವ್ಯಾಪಾರಿಯೂ ಮಂಡ್ಯದ ವಿತರಕನೂ ಅಸಲಿನ ಮೇಲೆ ಏರಿಸಿದ್ದನ್ನೂ ಮಾರ್ಜಿನ್ ಎಂದೇ ಕರೆಯುತ್ತಾರೆ, ಅವರ ನಡುವೆ ಅದು ನಡೆಯುತ್ತದೆ. ಯಾವುದರ ಮೇಲೆ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಸರಣಿ ಅಂಗಡಿಗಳ ಖರೀದಿ ವಿಭಾಗ ಸಾಮಾನ್ಯವಾಗಿ ಎಂಆರ್‌ಪಿಯ ಮೇಲೆ ಎಣಿಸುತ್ತದೆ. ಹಾಗಾಗಿ ಪತ್ರದಲ್ಲಿ ಬರಿಯ ಮಾರ್ಜಿನ್ ಎಂದಷ್ಟೇ ಎಂದೂ ಬರೆಯಬೇಡಿ. ‘ಮಾರ್ಜಿನ್ ಆನ್ ಎಂಆರ್‌ಪಿ’ ಎಂದೋ ‘ಮಾರ್ಕಪ್ ಆನ್ ಕಾಸ್ಟ್’ ಎಂದೋ ಬರೆಯಿರಿ. ಆ ಪುಟ್ಟ ‘ಆನ್’ ನಿಮ್ಮ ವಿಷಯದಲ್ಲಿ ಕೆ.ಜಿ.ಗೆ 6 ರೂಪಾಯಿಯ ಬೆಲೆಯದು.

ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ತಿಳಿದಿರಲಿ. ಶೇ 25 ಮಾರ್ಕಪ್ ಎಂದರೆ ಶೇ 20 ಮಾರ್ಜಿನ್. ಶೇ 50 ಮಾರ್ಕಪ್ ಎಂದರೆ ಶೇ 33.33 ಮಾರ್ಜಿನ್, ಅಸಲಿನ ಎರಡರಷ್ಟಕ್ಕೆ ಮಾರಿದರೆ ಮಾರ್ಕಪ್ ಶೇ 100, ಮಾರ್ಜಿನ್ ಶೇ 50 ಮಾತ್ರ. ವೆಚ್ಚ ಸೊನ್ನೆಯಾಗದೆ ಮಾರ್ಜಿನ್ ಶೇ 100ನ್ನು ಮುಟ್ಟಲಾರದು, ಮಾರ್ಕಪ್‌ಗೆ ಅಂಥ ಮೇಲ್ಮಿತಿ ಇಲ್ಲ. ಆದ್ದರಿಂದ ಯಾರಾದರೂ ತಮಗೆ ಶೇ 150 ಮಾರ್ಜಿನ್ ಇದೆ ಎಂದರೆ ಅವರು ಹೇಳುತ್ತಿರುವುದು ಮಾರ್ಕಪ್ ಎಂದು ತಿಳಿಯಿರಿ. ಬೇಕಾದ ಮಾರ್ಜಿನ್ ಸಿಗುವಂತೆ ಬೆಲೆ ಕಟ್ಟಲು ಅಸಲಿಗೆ ಆ ಶೇಕಡವನ್ನು ಸೇರಿಸಬಾರದು; ನೂರರಲ್ಲಿ ಮಾರ್ಜಿನ್ ಕಳೆದು ಉಳಿದ ಭಾಗದಿಂದ ಅಸಲನ್ನು ಭಾಗಿಸಬೇಕು. ನೀವು ಕಳುಹಿಸಿದ ವೆಚ್ಚದ ಪಟ್ಟಿಯಂತೆ ಕೆ.ಜಿ.ಗೆ ನಿಮ್ಮ ಅಸಲು 72 ರೂಪಾಯಿ. ಶೇ 25 ಮಾರ್ಜಿನ್ ಬೇಕಾದರೆ 72ನ್ನು 0.75ರಿಂದ ಭಾಗಿಸಿ, 96 ಬರುತ್ತದೆ. 72ಕ್ಕೆ ಶೇ 25 ಸೇರಿಸಿದ್ದರೆ 90 ಬರುತ್ತಿತ್ತು, ಮಾರ್ಜಿನ್ ಶೇ 20ಕ್ಕೆ ನಿಲ್ಲುತ್ತಿತ್ತು.

ಬ್ಯಾಂಕಿನ ಮಾರ್ಜಿನ್ ಇವೆರಡೂ ಅಲ್ಲ. ಅಲ್ಲಿ ಆ ಪದಕ್ಕೆ ಲಾಭದ ಅರ್ಥವೇ ಇಲ್ಲ. 10 ಲಕ್ಷ ರೂಪಾಯಿಯ ಯಂತ್ರಕ್ಕೆ ಶೇ 10 ಮಾರ್ಜಿನ್ ಎಂದರೆ 1 ಲಕ್ಷ ನಿಮ್ಮ ಕೈಯಿಂದ ಹಾಕಬೇಕು, ಉಳಿದದ್ದಕ್ಕೆ ಸಾಲ ಎಂದರ್ಥ. ದುಡಿಯುವ ಬಂಡವಾಳದ ಸಾಲದಲ್ಲಿ ದಾಸ್ತಾನಿನ ಮೇಲೆ ಶೇ 25 ಮಾರ್ಜಿನ್ ಎಂದರೆ 4 ಲಕ್ಷದ ಬೆಲ್ಲ ಗೋದಾಮಿನಲ್ಲಿದ್ದರೆ 3 ಲಕ್ಷದವರೆಗೆ ಮಾತ್ರ ಹಣ ಎತ್ತಬಹುದು. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಕಾಗದಗಳಲ್ಲಂತೂ ಸರ್ಕಾರ ಕೊಡುವ ಸಬ್ಸಿಡಿಗೇ ಮಾರ್ಜಿನ್ ಮನಿ ಎಂಬ ಹೆಸರಿದೆ. ಉದ್ಯಮಿ ತಾನು ಹಾಕುವ ಹಣಕ್ಕೆ ಅಲ್ಲಿ ಓನ್ ಕಾಂಟ್ರಿಬ್ಯೂಶನ್ ಎನ್ನುತ್ತಾರೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನ ಬೆಲ್ಲವೇ ಆಗಿದೆ. ಆ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ 35ರ ಸಬ್ಸಿಡಿ ಗರಿಷ್ಠ 10 ಲಕ್ಷ ರೂಪಾಯಿ, ಉದ್ಯಮಿಯ ಪಾಲು ಕನಿಷ್ಠ ಶೇ 10. ನೀವು ಆ ಅರ್ಜಿ ತುಂಬುವುದಾದರೆ ಮಾರ್ಜಿನ್ ಎಂಬ ಪದ ಬಂದ ಕಡೆಯಲ್ಲೆಲ್ಲ ಇದು ಲಾಭವೋ, ನನ್ನ ಪಾಲೋ, ಸಬ್ಸಿಡಿಯೋ ಎಂದು ಅಧಿಕಾರಿಯನ್ನು ಕೇಳಿ ಬರೆಯಿರಿ. ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ.

ಇನ್ನು ಮಾರಾಟದ ಪದಗಳು. ತಿಂಗಳಿಗೆ 6,000 ಕೆ.ಜಿ.ಯನ್ನು 96 ರೂಪಾಯಿಯಂತೆ ಮಾರಿದರೆ 5,76,000 ರೂಪಾಯಿ. ಇದು ಸೇಲ್ಸ್, ಇದೇ ರೆವಿನ್ಯೂ, ಇದೇ ಟರ್ನ್‌ಓವರ್. ಇದರ ಜೊತೆಗೆ ಕೆ.ಜಿ.ಗೆ 4 ರೂಪಾಯಿ 80 ಪೈಸೆಯಂತೆ 28,800 ರೂಪಾಯಿ ಜಿಎಸ್‌ಟಿಯೂ ನಿಮ್ಮ ಖಾತೆಗೆ ಬರುತ್ತದೆ. ಬ್ಯಾಂಕ್ ಪುಸ್ತಕದಲ್ಲಿ 6,04,800 ಕಾಣುತ್ತದೆಂದು ಅದನ್ನೇ ರೆವಿನ್ಯೂ ಎಂದು ಬರೆಯಬಾರದು, ಆ ತೆರಿಗೆಯನ್ನು ನೀವು ಸರ್ಕಾರದ ಪರವಾಗಿ ವಸೂಲು ಮಾಡಿದ್ದೀರಿ ಅಷ್ಟೆ. ಮುದ್ರಿತ ಲೆಕ್ಕಪತ್ರಗಳಲ್ಲಿ ನಿಮಗೆ ಕಾಣುವ ಹೆಸರು ‘ರೆವಿನ್ಯೂ ಫ್ರಮ್ ಆಪರೇಷನ್ಸ್’; 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿ ಲಾಭ-ನಷ್ಟ ಪತ್ರದ ಮೊದಲ ಸಾಲಿಗೆ ಕೊಟ್ಟ ಹೆಸರು ಅದು. ಠೇವಣಿಯ ಬಡ್ಡಿಯಂಥ ಆದಾಯ ‘ಅದರ್ ಇನ್‌ಕಮ್’ ಎಂದು ಅದರ ಕೆಳಗೆ ಬರುತ್ತದೆ. ಮೊದಲ ಸಾಲಾದ್ದರಿಂದಲೇ ಮಾರಾಟಕ್ಕೆ ಟಾಪ್ ಲೈನ್ ಎಂದೂ, ಕೊನೆಯ ಸಾಲಾದ ನಿವ್ವಳ ಲಾಭಕ್ಕೆ ಬಾಟಮ್ ಲೈನ್ ಎಂದೂ ಹೇಳುವ ರೂಢಿ.

ಟರ್ನ್‌ಓವರ್ ಕೇಳಿದಾಗಲೂ ಕೇಳಿದವರು ಯಾರು ಎಂದು ನೋಡಬೇಕು. ಜಿಎಸ್‌ಟಿಯ ಅಗ್ರಿಗೇಟ್ ಟರ್ನ್‌ಓವರ್‌ನಲ್ಲಿ ತೆರಿಗೆ ಇಲ್ಲದ ಮಾರಾಟವೂ ಸೇರುತ್ತದೆ. ನೀವು ಮಂಡಿಗೆ ಬಿಡಿಯಾಗಿ ಹಾಕುವ ಬೆಲ್ಲಕ್ಕೆ ತೆರಿಗೆ ಇಲ್ಲದಿದ್ದರೂ ಆ ಮೊತ್ತವನ್ನು ಅಲ್ಲಿ ಬಿಡುವಂತಿಲ್ಲ. ಕಿರು, ಸಣ್ಣ, ಮಧ್ಯಮ ಘಟಕಗಳ (ಎಂಎಸ್‌ಎಂಇ) ಉದ್ಯಮ್ ನೋಂದಣಿಯಲ್ಲಿ ಘಟಕದ ವರ್ಗ ನಿರ್ಧರಿಸುವ ಟರ್ನ್‌ಓವರ್‌ನಿಂದ ರಫ್ತನ್ನು ಕಳೆಯುತ್ತಾರೆ. ಅಮೆರಿಕದ ಗಿರಾಕಿಗೆ ಬರೆಯುವಾಗ ಈ ಪದವನ್ನೇ ಬಿಟ್ಟು ಆ್ಯನುಯಲ್ ಸೇಲ್ಸ್ ಅಥವಾ ರೆವಿನ್ಯೂ ಎನ್ನುವುದು ಒಳ್ಳೆಯದು. ಅಲ್ಲಿ ಟರ್ನ್‌ಓವರ್ ಎಂದರೆ ನೌಕರರು ಕೆಲಸ ಬಿಟ್ಟು ಹೊಸಬರು ಬರುವ ಪ್ರಮಾಣ ಅಥವಾ ದಾಸ್ತಾನು ವರ್ಷದಲ್ಲಿ ಎಷ್ಟು ಸಲ ಖಾಲಿಯಾಗಿ ತುಂಬುತ್ತದೆ ಎಂಬ ಲೆಕ್ಕ ಮೊದಲು ನೆನಪಿಗೆ ಬರುತ್ತದೆ. ಸ್ಟಾಕ್ ಎಂಬುದೂ ಹಾಗೆಯೇ. ನಮಗೂ ಬ್ರಿಟಿಷರಿಗೂ ಅದು ಗೋದಾಮಿನ ಸರಕು, ಅಮೆರಿಕನ್ನರಿಗೆ ಕಂಪನಿಯ ಷೇರು. ಸರಕಿಗೆ ಅವರು ಇನ್‌ವೆಂಟರಿ ಎನ್ನುತ್ತಾರೆ.

ಗ್ರಾಸ್ ಸೇಲ್ಸ್ ಮತ್ತು ನೆಟ್ ಸೇಲ್ಸ್ ಬೆಲ್ಲದವರಿಗೆ ಮುಖ್ಯವಾದ ಜೋಡಿ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಂಡು ನೀರೊಡೆಯುತ್ತದೆ, ಅಂಗಡಿಯವರು ಹಿಂದಿರುಗಿಸುತ್ತಾರೆ. ಕಳುಹಿಸಿದ್ದೆಲ್ಲ ಗ್ರಾಸ್ ಸೇಲ್ಸ್. ವಾಪಸು ಬಂದದ್ದನ್ನೂ ರಿಯಾಯಿತಿಯನ್ನೂ ಕಳೆದರೆ ನೆಟ್ ಸೇಲ್ಸ್. ವಾಪಸು ಬಂದ ಸರಕಿಗೆ ನೀವು ಕ್ರೆಡಿಟ್ ನೋಟ್ ಕೊಡುತ್ತೀರಿ. ಸರಣಿ ಅಂಗಡಿಗಳು ತಾವೇ ಡೆಬಿಟ್ ನೋಟ್ ಬರೆದು ನಿಮಗೆ ಬರಬೇಕಾದ ಹಣದಿಂದ ಕಳೆದುಕೊಳ್ಳುವುದೂ ಉಂಟು, ಆದ್ದರಿಂದ ಪ್ರತಿ ತಿಂಗಳೂ ಅವರಿಂದ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ತರಿಸಿ ನಿಮ್ಮ ಪುಸ್ತಕಕ್ಕೆ ತಾಳೆ ನೋಡಿ. ಒಪ್ಪಂದದಲ್ಲಿ ‘ಸೇಲ್ ಆರ್ ರಿಟರ್ನ್’ ಎಂದಿದ್ದರೆ ಮಾರಾಟವಾಗದೆ ಉಳಿದದ್ದೆಲ್ಲ ನಿಮಗೇ ಹಿಂದಿರುಗುತ್ತದೆ. ಬೆಲ್ಲದಂಥ ಸರಕಿಗೆ ಆ ಷರತ್ತನ್ನು ಒಪ್ಪಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ವೆಚ್ಚದ ಕಡೆಗೆ ಬಂದರೆ, ನಿಮ್ಮ ಪಟ್ಟಿ ಹೀಗಿದೆ: ಕೆ.ಜಿ.ಗೆ ಬೆಲ್ಲಕ್ಕೆ 52, ಪೊಟ್ಟಣ ಮತ್ತು ಲೇಬಲ್‌ಗೆ 9, ತುಂಡು ಲೆಕ್ಕದ ಕೂಲಿಗೆ 6, ಬೆಂಗಳೂರಿಗೆ ಸಾಗಣೆಗೆ 5, ಒಟ್ಟು 72 ರೂಪಾಯಿ. ಇದಲ್ಲದೆ ತಿಂಗಳಿಗೆ ಬಾಡಿಗೆ 20,000, ಸಂಬಳ 52,000, ವಿದ್ಯುತ್ತು, ಫೋನು ಮುಂತಾದವಕ್ಕೆ 9,000, ಯಂತ್ರದ ಸವಕಳಿ 5,000, ಸಾಲದ ಬಡ್ಡಿ 10,000, ಒಟ್ಟು 96,000. ಮೊದಲಿನದು ವೇರಿಯಬಲ್ ಕಾಸ್ಟ್, ಮಾಡಿದಷ್ಟೂ ಏರುವಂಥದು. ಎರಡನೆಯದು ಫಿಕ್ಸೆಡ್ ಕಾಸ್ಟ್, ಒಂದು ಪೊಟ್ಟಣವನ್ನೂ ಮಾಡದ ತಿಂಗಳಲ್ಲೂ ಕೊಡಬೇಕಾದದ್ದು. ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್ ಎಂಬ ಇನ್ನೊಂದು ವಿಂಗಡಣೆಯನ್ನು ಇದರೊಂದಿಗೆ ಬೆರೆಸುವುದು ಓದಿದವರಲ್ಲೂ ಕಾಣುವ ಗೊಂದಲ. ಪ್ರಮಾಣ ಬದಲಾದಾಗ ವೆಚ್ಚ ಬದಲಾಗುತ್ತದೆಯೇ ಎಂಬುದು ಮೊದಲ ವಿಂಗಡಣೆಯ ಪ್ರಶ್ನೆ. ಇದೇ ಪೊಟ್ಟಣಕ್ಕೆ ಆದ ವೆಚ್ಚ ಎಂದು ಬೆರಳು ತೋರಿಸಿ ಹೇಳಬಹುದೇ ಎಂಬುದು ಎರಡನೆಯದರ ಪ್ರಶ್ನೆ. ಹಾಗೆ ತೋರಿಸಲಾಗದ, ಇಡೀ ಘಟಕಕ್ಕೆ ಸೇರಿದ ಬಾಡಿಗೆ, ಲೆಕ್ಕಿಗರ ಸಂಬಳ ಮುಂತಾದವು ಓವರ್‌ಹೆಡ್ಸ್.

ಸಾಗಣೆಯ ಆ 5 ರೂಪಾಯಿಯನ್ನು ಸ್ವಲ್ಪ ಬೇರೆಯಾಗಿ ನೋಡಬೇಕು. ಆಲೆಮನೆಯಿಂದ ನಿಮ್ಮ ಘಟಕಕ್ಕೆ ಬೆಲ್ಲ ತಂದ ಗಾಡಿಯ ಬಾಡಿಗೆ ಕ್ಯಾರೇಜ್ ಇನ್‌ವರ್ಡ್ಸ್. ಘಟಕದಿಂದ ಗಿರಾಕಿಗೆ ಒಯ್ದದ್ದು ಕ್ಯಾರೇಜ್ ಔಟ್‌ವರ್ಡ್ಸ್. ಬಿ.ಕಾಂ.ನಲ್ಲಿ ಒಳಸಾಗಣೆ, ಹೊರಸಾಗಣೆ ಎಂದು ನೀವು ಓದಿದ್ದು ಇದನ್ನೇ. ಮೊದಲಿನದು ವ್ಯಾಪಾರಿ ಲೆಕ್ಕಕ್ಕೆ ಹೋಗಿ ಗ್ರಾಸ್ ಪ್ರಾಫಿಟ್ ಅಂದರೆ ಒಟ್ಟು ಲಾಭವನ್ನು ಕಡಿಮೆ ಮಾಡುತ್ತದೆ, ಎರಡನೆಯದು ಅದರ ನಂತರ ಲಾಭ-ನಷ್ಟ ಲೆಕ್ಕದಲ್ಲಿ ಮಾರಾಟ ವೆಚ್ಚವಾಗಿ ಬರುತ್ತದೆ. ಹೀಗಾಗಿ ಒಂದೇ ಘಟಕದ ಗ್ರಾಸ್ ಮಾರ್ಜಿನ್ ಇಬ್ಬರು ಲೆಕ್ಕಿಗರ ಕೈಯಲ್ಲಿ ಎರಡು ಸಂಖ್ಯೆಯಾಗಬಹುದು. ಮಾರಾಟ ಬೆಲೆಯಿಂದ ವೇರಿಯಬಲ್ ಕಾಸ್ಟ್ ಪೂರ್ತಿ ಕಳೆದು ಉಳಿದದ್ದಕ್ಕೆ ಕಾಂಟ್ರಿಬ್ಯೂಶನ್ ಎನ್ನುತ್ತಾರೆ. 96ರಲ್ಲಿ 72 ಕಳೆದರೆ 24. ಬೆಲೆಯ ತೀರ್ಮಾನಕ್ಕೆ ಗ್ರಾಸ್ ಪ್ರಾಫಿಟ್‌ಗಿಂತ ಈ ಸಂಖ್ಯೆಯನ್ನೇ ನೆಚ್ಚಿಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಇಲ್ಲ. ನಿಮ್ಮದೂ ಮನೆಯವರದೂ ದುಡಿಮೆಗೆ ಸಂಬಳ ಬರೆದಿಲ್ಲ. ನಮ್ಮ ಕಡೆಯ ಆಲೆಮನೆಗಳಲ್ಲಿ ತಲೆಮಾರುಗಳಿಂದ ಇದೇ ಪದ್ಧತಿ; ಗಾಣದ ಹತ್ತಿರ ನಿಂತವರೂ ಕೊಪ್ಪರಿಗೆಯ ಮುಂದೆ ಬೆಂದವರೂ ಮನೆಯವರೇ ಆದರೆ ಅದು ಖರ್ಚಿಗೆ ಬರುವುದಿಲ್ಲ, ವರ್ಷದ ಕೊನೆಗೆ ಉಳಿದದ್ದೆಲ್ಲ ಲಾಭ ಎನಿಸಿಕೊಳ್ಳುತ್ತದೆ. ಇಂಗ್ಲಿಷ್ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ನೋಷನಲ್ ಕಾಸ್ಟ್ ಎಂಬ ಹೆಸರಿದೆ: ಕೈಯಿಂದ ಹಣ ಹೋಗದಿದ್ದರೂ ಹೊರಗಿನವರನ್ನು ಇಟ್ಟಿದ್ದರೆ ಎಷ್ಟು ಕೊಡಬೇಕಾಗಿತ್ತೋ ಅಷ್ಟನ್ನು ಎಣಿಸುವುದು. ತೆರಿಗೆಯ ಲೆಕ್ಕಕ್ಕೆ ಅದು ಬೇಡ, ಆದರೆ ಬೆಲೆ ಕಟ್ಟುವ ಕಾಗದದಲ್ಲಿ ಅದನ್ನು ಬರೆಯಲೇಬೇಕು. ಇಲ್ಲದಿದ್ದರೆ ನಿಮ್ಮ ದಿನದ ದುಡಿಮೆಯನ್ನು ಗಿರಾಕಿಗೆ ಪುಕ್ಕಟೆಯಾಗಿ ಕೊಟ್ಟು, ಅದನ್ನೇ ಲಾಭವೆಂದು ಎಣಿಸುತ್ತಿರುತ್ತೀರಿ. ಮುಂದಿನ ಲೆಕ್ಕಗಳನ್ನು ನಿಮ್ಮ ಪಟ್ಟಿ ಇದ್ದಂತೆಯೇ ಮಾಡುತ್ತೇನೆ. ಈ ಸಾಲನ್ನು ಸೇರಿಸಿದರೆ ಫಲಿತಾಂಶ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ನೆನಪಿರಲಿ.

ಸ್ಥಿರ ವೆಚ್ಚದ 96,000ವನ್ನು 24ರಿಂದ ಭಾಗಿಸಿದರೆ 4,000 ಕೆ.ಜಿ. ಇದು ಬ್ರೇಕ್-ಈವನ್ ಪಾಯಿಂಟ್, ಲಾಭವೂ ನಷ್ಟವೂ ಇಲ್ಲದ ಮಟ್ಟ. ‘ವಿ ಬ್ರೇಕ್ ಈವನ್ ಅಟ್ 4,000 ಕೇಜೀಸ್ ಎ ಮಂತ್’ ಎಂದು ಕ್ರಿಯಾಪದವಾಗಿಯೂ ಬಳಸುತ್ತಾರೆ. ನೀವು ಮಾರುವ 6,000ದಲ್ಲಿ ಇದನ್ನು ಕಳೆದರೆ 2,000 ಕೆ.ಜಿ. ಉಳಿಯುತ್ತದೆ. ಮಾರಾಟ ಅಷ್ಟು ಬಿದ್ದರೂ ನಷ್ಟಕ್ಕೆ ಇಳಿಯುವುದಿಲ್ಲ ಎಂಬ ಈ ಅಂತರಕ್ಕೆ ಮಾರ್ಜಿನ್ ಆಫ್ ಸೇಫ್ಟಿ ಎಂದು ಹೆಸರು. ಮಾರ್ಜಿನ್‌ಗೆ ಇದು ಮತ್ತೊಂದು ಅರ್ಥ.

ಈಗ 96 ಮತ್ತು 90ರ ನಡುವಿನ ವ್ಯತ್ಯಾಸವನ್ನು ಕೊನೆಯ ಸಾಲಿನವರೆಗೆ ಒಯ್ಯೋಣ. 96 ರೂಪಾಯಿಯಲ್ಲಿ 6,000 ಕೆ.ಜಿ.ಯ ಕಾಂಟ್ರಿಬ್ಯೂಶನ್ 1,44,000. ಸ್ಥಿರ ವೆಚ್ಚ ಕಳೆದರೆ 48,000 ಉಳಿಯುತ್ತದೆ. ಆದಾಯ ತೆರಿಗೆಗೆ ಮೊದಲಿನ ಈ ಲಾಭ ಮಾರಾಟದ ಶೇ 8.33. ಬಡ್ಡಿಯನ್ನು ಕಳೆಯುವ ಮೊದಲು ನೋಡಿದರೆ 58,000. ಅದು ಆಪರೇಟಿಂಗ್ ಪ್ರಾಫಿಟ್. ಸವಕಳಿಯನ್ನೂ ಕಳೆಯದೆ ನೋಡಿದರೆ 63,000. ಬ್ಯಾಂಕಿನವರೂ ಹೂಡಿಕೆದಾರರೂ ಎಬಿಟ್ಡಾ ಎನ್ನುವುದು ಇದಕ್ಕೆ. ಎಲ್ಲವನ್ನೂ 90 ರೂಪಾಯಿಗೆ ಮಾರಿದಿರಿ ಎಂದುಕೊಳ್ಳಿ. ಕೆ.ಜಿ.ಗೆ ಉಳಿಯುವುದು 18, ಒಟ್ಟು 1,08,000, ಸ್ಥಿರ ವೆಚ್ಚ ಕಳೆದರೆ 12,000 ಮಾತ್ರ. ಬ್ರೇಕ್-ಈವನ್ 4,000ದಿಂದ 5,333 ಕೆ.ಜಿ.ಗೆ ಏರಿತು. ಬೆಲೆ ಇಳಿದದ್ದು ಶೇ 6.25, ಲಾಭ ಇಳಿದದ್ದು ಶೇ 75. ರಿಯಾಯಿತಿಯ ಮಾತು ಬಂದಾಗಲೆಲ್ಲ ಈ ಎರಡು ಸಂಖ್ಯೆಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗಿರಾಕಿ ಕೇಳುವುದು ತನ್ನ ಬೆಲೆಯ ಒಂದು ಸಣ್ಣ ಭಾಗವನ್ನು, ಅದು ಹೋಗುವುದು ನಿಮ್ಮ ಲಾಭದ ದೊಡ್ಡ ಭಾಗದಿಂದ.

ಇಂಥ ಏರಿಳಿತವನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಮೂರು ಕಡೆ ಎಚ್ಚರ ಬೇಕು. ‘ಬೈ’ ಮತ್ತು ‘ಟು’ ಮೊದಲನೆಯದು: ‘ದಿ ಪ್ರೈಸ್ ಫೆಲ್ ಬೈ ಸಿಕ್ಸ್ ರುಪೀಸ್’ ಎಂದರೆ 6 ರೂಪಾಯಿಯಷ್ಟು ಇಳಿಯಿತು, ‘ಫೆಲ್ ಟು ನೈಂಟಿ ರುಪೀಸ್’ ಎಂದರೆ 90ಕ್ಕೆ ಇಳಿಯಿತು. ಎರಡನೆಯದು ಶೇಕಡಾ ಮತ್ತು ಪರ್ಸೆಂಟೇಜ್ ಪಾಯಿಂಟ್. ನಿಮ್ಮ ಕಾಂಟ್ರಿಬ್ಯೂಶನ್ ಮಾರ್ಜಿನ್ ಶೇ 25ರಿಂದ ಶೇ 20ಕ್ಕೆ ಬಂದದ್ದನ್ನು ‘ಫೈವ್ ಪರ್ಸೆಂಟೇಜ್ ಪಾಯಿಂಟ್ಸ್’ ಇಳಿಯಿತು ಎನ್ನಬೇಕು. ‘ಫೈವ್ ಪರ್ಸೆಂಟ್’ ಎಂದು ಬರೆದರೆ 25ರ ಶೇ 5 ಇಳಿದು 23.75 ಆಯಿತು ಎಂದು ಓದುವವರು ತಿಳಿಯುತ್ತಾರೆ. ಮೂರನೆಯದು ರೈಸ್ ಮತ್ತು ರೇಸ್. ಕಬ್ಬಿನ ಬೆಲೆ ತಾನಾಗಿ ಏರಿದರೆ ‘ಕೇನ್ ಪ್ರೈಸಸ್ ಹ್ಯಾವ್ ರಿಸನ್’, ನೀವು ಬೆಲ್ಲದ ಬೆಲೆ ಏರಿಸಿದರೆ ‘ವಿ ಹ್ಯಾವ್ ರೇಸ್ಡ್ ಅವರ್ ಪ್ರೈಸಸ್’. ಏರಿದ ಕಬ್ಬಿನ ಬೆಲೆಯನ್ನು ನೀವೇ ನುಂಗಿಕೊಂಡರೆ ‘ಆ್ಯಬ್‌ಸಾರ್ಬ್ ದಿ ಕಾಸ್ಟ್’, ಗಿರಾಕಿಯ ಮೇಲೆ ಹಾಕಿದರೆ ‘ಪಾಸ್ ಆನ್ ದಿ ಕಾಸ್ಟ್’. ನಮ್ಮಲ್ಲಿ ಬಳಕೆಯಲ್ಲಿರುವ ‘ರೇಟ್’ ದೇಶದೊಳಗೆ ಯಾರಿಗೂ ತಿಳಿಯುತ್ತದೆ, ಹೊರದೇಶದವರಿಗೆ ‘ಪ್ರೈಸ್’ ಎಂದೇ ಬರೆಯಿರಿ. ಗಿರಾಕಿಯನ್ನು ‘ಪಾರ್ಟಿ’ ಎನ್ನುವುದನ್ನೂ ಬಿಡಿ. ಲಕ್ಷ, ಕೋಟಿಗಳ ಬದಲು ಮಿಲಿಯನ್‌ನಲ್ಲಿ ಬರೆದು ಅಲ್ಪವಿರಾಮವನ್ನು ಮೂರು ಮೂರು ಅಂಕಿಗಳಿಗೆ ಹಾಕಿ. ಒಂದು ಕೋಟಿ ಎಂದರೆ ಹತ್ತು ಮಿಲಿಯನ್. ಮೈಸೂರಿನಿಂದ ಅಗರಬತ್ತಿ ರಫ್ತು ಮಾಡುವವರ ಪತ್ರಗಳಲ್ಲಿ ಇವೆಲ್ಲ ಆಗಲೇ ರೂಢಿಯಾಗಿವೆ.

ಲ್ಯಾಂಡಿಂಗ್ ಕಾಸ್ಟ್ ಎಂದರೆ ಸರಕು ಅವರ ಗೋದಾಮಿನ ಬಾಗಿಲಿಗೆ ಬಂದು ಇಳಿಯುವ ಹೊತ್ತಿಗೆ ಅವರಿಗೆ ಬಿದ್ದ ಒಟ್ಟು ಬೆಲೆ. ಚಿಲ್ಲರೆ ವ್ಯಾಪಾರದವರು ಅದರಲ್ಲಿ ಹೆಚ್ಚಾಗಿ ಜಿಎಸ್‌ಟಿಯನ್ನೂ ಸೇರಿಸುತ್ತಾರೆ, ಆದ್ದರಿಂದ ನಿಮ್ಮ 96ರ ಲ್ಯಾಂಡಿಂಗ್ 100 ರೂಪಾಯಿ 80 ಪೈಸೆ. ಸಾಗಣೆ ನಿಮ್ಮದಾದರೆ ‘ಎಫ್‌ಒಆರ್ ಬೆಂಗಳೂರು’ ಅಥವಾ ‘ಡೆಲಿವರ್ಡ್’ ಎನ್ನಿ, ಅವರೇ ಬಂದು ಒಯ್ಯುವುದಾದರೆ ‘ಎಕ್ಸ್-ಫ್ಯಾಕ್ಟರಿ ಮದ್ದೂರು’. ಆಗ ನಿಮ್ಮ 5 ರೂಪಾಯಿ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಬೆಲೆಯಲ್ಲಿ ಬಗ್ಗಬಹುದು. ‘ಟೆನ್ ಪ್ಲಸ್ ಒನ್’ ಎಂಬ ಸ್ಕೀಮ್ ಕೇಳಿದರೆ ಅದು ಶೇ 10 ರಿಯಾಯಿತಿಯಲ್ಲ; ಹನ್ನೊಂದಕ್ಕೆ ಹತ್ತರ ಹಣ, ಅಂದರೆ ಶೇ 9.09. ಆದರೂ 90 ರೂಪಾಯಿಯ ಮೇಲೆ ಅದನ್ನು ಕೊಟ್ಟರೆ ನಿಮಗೆ ಸಿಗುವುದು ಕೆ.ಜಿ.ಗೆ 81 ರೂಪಾಯಿ 82 ಪೈಸೆ, ಉಳಿಯುವುದು ಹತ್ತಕ್ಕಿಂತ ಕಡಿಮೆ. ಆ ಮಟ್ಟಕ್ಕೆ ಒಪ್ಪಬೇಡಿ.

ಕ್ರೆಡಿಟ್ ಪೀರಿಯಡ್ ಎಂದರೆ ಉದ್ರಿಯ ಅವಧಿ. 90 ರೂಪಾಯಿಯಂತೆ ತಿಂಗಳಿಗೆ 5,40,000ದ ಸರಕು ಕೊಟ್ಟು 45 ದಿನ ಕಾದರೆ ಸುಮಾರು 8,10,000 ರೂಪಾಯಿ ಯಾವಾಗಲೂ ಅವರ ಕಡೆ ಇರುತ್ತದೆ. ನೀವು ಶೇ 12ರ ಬಡ್ಡಿಗೆ ಆ ಹಣ ತಂದಿದ್ದರೆ ತಿಂಗಳಿಗೆ 8,100 ರೂಪಾಯಿ ಅದಕ್ಕೇ ಹೋಗುತ್ತದೆ. ಉಳಿದಿದ್ದ 12,000ದ ಮುಂದೆ ಇದನ್ನಿಟ್ಟು ನೋಡಿ. ಕಾನೂನು ಇಲ್ಲಿ ನಿಮ್ಮ ಕಡೆಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಂತೆ, ಆ ಅವಧಿ ಮೀರಿಸಿದ ಖರೀದಿದಾರರು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ವೆಚ್ಚವೆಂದು ಕಳೆದುಕೊಳ್ಳಬಹುದು. ನಿಮ್ಮ ಇನ್‌ವಾಯ್ಸ್ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಮುದ್ರಿಸಿ.

ಅಂಗಡಿಯವರಿಗೆ ಈಗ ಬರೆಯಬೇಕಾದ ಸಾಲು ಇಂಥದು: ‘ಅವರ್ ಪ್ರೈಸ್ ಈಸ್ ರುಪೀಸ್ 96 ಪರ್ ಕೇಜಿ, ಎಕ್ಸ್‌ಕ್ಲೂಸಿವ್ ಆಫ್ ಜಿಎಸ್‌ಟಿ, ಡೆಲಿವರ್ಡ್ ಟು ಯುವರ್ ಬೆಂಗಳೂರು ವೇರ್‌ಹೌಸ್. ದಿಸ್ ಗಿವ್ಸ್ ಯು 20 ಪರ್ಸೆಂಟ್ ಆನ್ ಎಂಆರ್‌ಪಿ, ವಿಚ್ ಈಸ್ 25 ಪರ್ಸೆಂಟ್ ಆನ್ ಯುವರ್ ಪರ್ಚೇಸ್ ಪ್ರೈಸ್. ಪೇಮೆಂಟ್ ಈಸ್ ಡ್ಯೂ ವಿದಿನ್ 30 ಡೇಸ್ ಆಫ್ ಡೆಲಿವರಿ.’ ಮೊದಲಿನ ಪತ್ರದಲ್ಲಿ ನೀವು ಹೇಳಿದ ಶೇ 25 ಇದೇ ಎಂಬುದು ಎರಡನೆಯ ವಾಕ್ಯದಿಂದ ಅವರಿಗೆ ಸ್ಪಷ್ಟವಾಗುತ್ತದೆ, ಕ್ಷಮೆ ಕೇಳುವ ಅಗತ್ಯವೂ ಬೀಳುವುದಿಲ್ಲ.

ಅವರು 90ಕ್ಕೇ ಪಟ್ಟು ಹಿಡಿದರೆ ತೀರ್ಮಾನ ಒಂದು ಪ್ರಶ್ನೆಯ ಮೇಲೆ ನಿಂತಿದೆ. ನಿಮ್ಮ ಈಗಿನ 6,000 ಕೆ.ಜಿ. 96ಕ್ಕೆ ಹೋಗುತ್ತಲೇ ಇದ್ದು, ಇದೇ ಜಾಗ, ಇದೇ ಜನರಿಂದ ಇವರ ಸರಕನ್ನೂ ಮಾಡಬಲ್ಲಿರಾದರೆ, ಸ್ಥಿರ ವೆಚ್ಚ ಹೆಚ್ಚುವುದಿಲ್ಲ; ಇವರ ಪ್ರತಿ ಕೆ.ಜಿ.ಯೂ 18 ರೂಪಾಯಿ ಹೊಸದಾಗಿ ತರುತ್ತದೆ, ಒಪ್ಪಬಹುದು. ಇಂಗ್ಲಿಷ್‌ನಲ್ಲಿ ಇದನ್ನು ಇನ್‌ಕ್ರಿಮೆಂಟಲ್ ಸೇಲ್ಸ್ ಎನ್ನುತ್ತಾರೆ. ಈಗಿನ ಗಿರಾಕಿಗಳಿಗೆ ಕೊಡುವುದನ್ನು ಕಡಿಮೆ ಮಾಡಿ ಇವರಿಗೆ ಕೊಡಬೇಕಾದರೆ ಪ್ರತಿ ಕೆ.ಜಿ.ಗೂ 6 ರೂಪಾಯಿ ಕಳೆದುಕೊಳ್ಳುತ್ತೀರಿ, ಒಪ್ಪಬಾರದು. ಎಲ್ಲರಿಗೂ 90ಕ್ಕೆ ಇಳಿಸುವ ಪ್ರಸಂಗ ಬಂದರೆ ಹಳೆಯ 48,000 ಉಳಿಸಿಕೊಳ್ಳಲು ತಿಂಗಳಿಗೆ 8,000 ಕೆ.ಜಿ. ಮಾರಬೇಕಾಗುತ್ತದೆ. ಹಾಗಾಗಿ 90ಕ್ಕೆ ಒಪ್ಪುವ ಪತ್ರದಲ್ಲಿ ‘ಮಿನಿಮಮ್ ಮಂತ್ಲಿ ಆಫ್‌ಟೇಕ್’ ಎಂದು ಅವರು ಪ್ರತಿ ತಿಂಗಳೂ ಕೊಳ್ಳಲೇಬೇಕಾದ ಪ್ರಮಾಣವನ್ನು ಬರೆದು, ಅದಕ್ಕಿಂತ ಕಡಿಮೆಯಾದ ತಿಂಗಳು 96ರ ಬೆಲೆ ಅನ್ವಯಿಸುತ್ತದೆ ಎಂದು ಸೇರಿಸಿ, ಅದಕ್ಕೆ ಲಿಖಿತ ಒಪ್ಪಿಗೆ ಬಂದ ಮೇಲೆ ಮೊದಲ ಲೋಡ್ ಕಳುಹಿಸಿ.